ತೊಟ್ಟಿಯಿಂದ ಎತ್ತಿಕೊಂಡವಳು

ಇದು ನಡೆದ ಸಂಗತಿ. ನಮ್ಮ ವಾಲ್ಮೊರೆಯ ಇಗರ್ಜಿಯಲ್ಲಿ ಬೆಳ್ಳಿ ಡಬ್ಬಿಯೊಳಗೆ ಸಂತ ವೊಬೇರನ ಹಲ್ಲಿದೆಯಲ್ಲ, ಅದರ ಮೇಲೆ ಆಣೆ! ಸುಳ್ಳು ಆಣೆ ಇಟ್ಟವರ ಬೆರಳನ್ನು ಆ ಹಲ್ಲು ಕಚ್ಚುತ್ತದೆ. ಇಲ್ಲಿ ನೋಡಿ, ನನ್ನ ಬೆರಳೆಲ್ಲ ನೆಟ್ಟಗಿವೆ. ಬೆರ್ತಮ್ಮನ ಗೊರಕೆಗೆ ಗೋಪುರದ ಪಾರಿವಾಳಗಳು ಹಾರಿಹೋದವೋ, ಮೂರ್ಛೆ ಹೋಗಿ ಕೆಳಗೆ ಬಿದ್ದವೋ ಎಂಬ ಒಂದು ವಿಷಯದಲ್ಲಿ ಮಾತ್ರ ಊರಲ್ಲಿ ಎರಡು ಮಾತಿದೆ. ಮಿಕ್ಕದ್ದರಲ್ಲಿ ಇಲ್ಲ.

ಈಸ್ಟರಿನ ಹಿಂದಿನ ಶನಿವಾರ. ಇಗರ್ಜಿಯ ಬಾಗಿಲ ಬಳಿಯ ಕಲ್ಲಿನ ತೊಟ್ಟಿಯ ಸುತ್ತ ಇಡೀ ವಾಲ್ಮೊರೆಯೇ ಕಿಕ್ಕಿರಿದಿತ್ತು. ಕೌಂಟ್ ಗೊಬೇರನ ಚೊಚ್ಚಲ ಮಗನಿಗೆ ಜ್ಞಾನಸ್ನಾನ! ಹೊರಗೆ ಎಂಥ ಚಳಿ ಅಂತೀರಿ, ಗಂಟೆ ಹೊಡೆದರೆ ಸದ್ದು ಗಾಳಿಯಲ್ಲೇ ಹೆಪ್ಪುಗಟ್ಟಿ ಮಾರನೆಯ ದಿನ ಬಿಸಿಲಿಗೆ ಕರಗಿ ಕೇಳಿಸುವಂಥ ಚಳಿ. ಪಾದ್ರಿ ಮಗುವನ್ನು ತೊಟ್ಟಿಯ ನೀರಲ್ಲಿ ಅದ್ದಿ ಎತ್ತಿದರು. ಒದ್ದೆ ಮೈಯ ಮಗು ಅವರ ಕೈಯಲ್ಲಿ ಮೀನಿನ ಹಾಗೆ ಜಾರುತ್ತಾ ಕಿಟಾರನೆ ಕಿರುಚುತ್ತಿತ್ತು. ತೊಟ್ಟಿಯಿಂದ ಮಗುವನ್ನು ಎತ್ತಿಕೊಳ್ಳಬೇಕಾಗಿದ್ದ ಜ್ಞಾನತಾಯಿ, ಅಂದರೆ ಕೌಂಟನ ಸೋದರತ್ತೆ ಬೆರ್ತಮ್ಮ, ಎಲ್ಲೂ ಕಾಣಿಸಲಿಲ್ಲ!

"ಬೆರ್ತಮ್ಮಾ! ಎಲ್ಲಿದೀರಮ್ಮಾ? ಯಾರಾದ್ರೂ ಮಗೂನ ತಗೊಳ್ರೋ, ಜಾರ್ತಾ ಇದೆ!" ಪಾದ್ರಿ ಕೂಗಿಕೊಂಡರು.

ಯಾರೂ ಮುಂದೆ ಬರಲಿಲ್ಲ. ಕೌಂಟನ ಮಗುವಿಗೆ ಜ್ಞಾನತಾಯಿಯಾಗುವುದೆಂದರೆ ಹಾದಿಬೀದಿಯ ಮಾತೇ? ಆಗ ಕೌಂಟನ ತಾಯಿ ಎರ್ಸೆಂದ್ ತನ್ನ ಸೊಸೆಯ ಬೆನ್ನಿಗೆ ಮೊಣಕೈಯಿಂದ ತಿವಿದಳು.

"ಏನು ಕಣ್ಣು ಬಿಟ್ಕೊಂಡು ನಿಂತಿದೀಯೇ? ಹೆತ್ತ ಕರುಳಲ್ವಾ ನಿನ್ನದು? ಮಗು ಸೆಟೆದು ಹೋಗ್ತಾ ಇದೆ, ಎತ್ಕೋ!"

ಸೊಸೆ ಒಸಾನ್ ತಿರುಗಿ ಅತ್ತೆಯ ಮುಖವನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಭಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹಿಟ್ಟು ಹುದುಗಿದೆಯೋ ಇಲ್ಲವೋ ಎಂದು ಬೆರಳಿನಿಂದ ಒತ್ತಿ ನೋಡುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಮಗುವನ್ನು ಎತ್ತಿ ಎದೆಗೆ ಅವಚಿಕೊಂಡಳು.

ಹಿಂದಿನ ಸಾಲಿನ ಹೆಂಗಸರು ಬಾಯಿಗೆ ಕೈ ಒತ್ತಿಕೊಂಡರು. "ಅಯ್ಯೋ ತಾಯೀ... ಎತ್ಕೊಂಡೇಬಿಟ್ಲಲ್ಲೇ!"

ಅವರು ಯಾಕೆ ಹಾಗೆ ಬೆಚ್ಚಿದರು ಗೊತ್ತೇ? ತೊಟ್ಟಿಯಿಂದ ಮಗುವನ್ನು ಎತ್ತಿಕೊಂಡವಳು ಆ ಮಗುವಿಗೆ ಜ್ಞಾನತಾಯಿ. ಮಗುವಿನ ಅಪ್ಪನಿಗೆ ಅವಳು ಅಂದಿನಿಂದ ಒಡಹುಟ್ಟಿದ ತಂಗಿಯ ಸಮಾನ. ತಂಗಿಯ ಜೊತೆ ಸಂಸಾರ ಉಂಟೇ? ಅದಕ್ಕೇ ನಮ್ಮಲ್ಲಿ ಹೆತ್ತ ತಾಯಿಯನ್ನು ತೊಟ್ಟಿಯಿಂದ ಮಾರು ದೂರ ನಿಲ್ಲಿಸುತ್ತಾರೆ. ಒಂದೇ ಒಂದು ಸಲ ಕೈ ಚಾಚಿದ್ದಕ್ಕೆ ವಾಲ್ಮೊರೆಯ ಕೌಂಟನ ಹೆಂಡತಿ ನಿಂತ ನಿಲುವಿನಲ್ಲೇ ಕೌಂಟನ ತಂಗಿಯಾಗಿಬಿಟ್ಟಿದ್ದಳು!

ಎರ್ಸೆಂದಳ ತುಟಿಯ ಅಂಚಿನಲ್ಲಿ ಸಣ್ಣದೊಂದು ನಗು ಮೂಡಿ ಮಾಯವಾಯಿತು.

ಬೆರ್ತಮ್ಮ ಎಲ್ಲಿದ್ದಳೋ? ಕೋಟೆಯ ಅಡುಗೆಮನೆಯಲ್ಲಿ. ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ಮಾಂಸ ಕಾಣದೆ ಬಡವಾಗಿದ್ದ ಆ ಪುಣ್ಯಾತ್ಗಿತ್ತಿಗೆ ಎರ್ಸೆಂದ್ ಬೆಳಿಗ್ಗೆ ಹಾವುಮೀನಿನ ಕಡುಬು ಮಾಡಿಸಿ ಬಡಿಸಿದ್ದಳು. ಉಪವಾಸಕ್ಕೆ ಮೀನು ಅಡ್ಡಿಯಿಲ್ಲವಲ್ಲ! ಗಾಡಿಯ ಚಕ್ರದಷ್ಟು ಅಗಲದ ಕಡುಬು. ಮೇಲೆ ಸೇಬಿನ ಹೆಂಡ. ಬೆರ್ತಮ್ಮ ಮೇಜಿಗೇ ಕೆನ್ನೆ ಕೊಟ್ಟು ಮಲಗಿದವಳು ಈಸ್ಟರ್ ಗಂಟೆಗೂ ಏಳಲಿಲ್ಲ. ಪಾರಿವಾಳದ ಸಂಗತಿ ನಡೆದದ್ದು ಆಗಲೇ.

ಈಗ ಈ ಮನೆತನದ ನೆಂಟಸ್ತಿಕೆಯ ಕಥೆಯನ್ನು ಸ್ವಲ್ಪ ಕೇಳಿ. ಗೊಬೇರ್ ಇನ್ನೂ ಹಾಲುಹಲ್ಲಿನ ಹುಡುಗನಾಗಿದ್ದಾಗಲೇ ಅವನಿಗೆ ಒಂದು ನಿಶ್ಚಿತಾರ್ಥವಾಗಿತ್ತು. ಆ ಹೆಣ್ಣುಮಗು ಜ್ವರದಲ್ಲಿ ತೀರಿಕೊಂಡಿತು. ಮೀಸೆ ಮೂಡುವ ಹೊತ್ತಿಗೆ ಇನ್ನೊಂದು. ಆ ಹುಡುಗಿ ಕನ್ಯಾಮಠ ಸೇರಿದಳು. ಕೊನೆಗೆ ಅವನ ಅಪ್ಪ, ಹಳೆಯ ಕೌಂಟ್ ರೆನೊ, ಹೊಳೆಯ ದಡದ ಸಣ್ಣ ಕೋಟೆಯೊಂದರ ಒಡೆಯನ ಮಗಳು ಒಸಾನಳನ್ನು ತಂದುಕೊಂಡ. ಹೊಳೆ ದಾಟುವ ದೋಣಿಗಳೆಲ್ಲ ಅವಳ ತವರಿನ ಹಿಡಿತದಲ್ಲಿದ್ದವು. "ನೀರಿನ ದಾರಿ ನಮ್ಮದಾಯ್ತು" ಎಂದು ಮುದುಕ ಖುಷಿಪಟ್ಟ. ಗೊಬೇರನಂತೂ ಮೊದಲ ದಿನವೇ ಅವಳು ತನಗಿಂತ ಚೆನ್ನಾಗಿ ಹುಟ್ಟು ಹಾಕುವುದನ್ನು ನೋಡಿ ಕರಗಿಹೋದ. ಎರ್ಸೆಂದಳಿಗೆ ಮಾತ್ರ ಈ ಸೊಸೆ ಗಂಟಲಿಗೆ ಸಿಕ್ಕ ಮುಳ್ಳು.

"ಡ್ಯೂಕರ ಮನೆ ಹೆಣ್ಣು ಬರಬೇಕಿದ್ದ ಮನೆಗೆ ಅಂಬಿಗರ ಹುಡುಗಿ ಬಂದಳು. ಹೊದಿಕೆ ಕೊಡವಿದ್ರೆ ಮೀನಿನ ಹುರುಪೆ ಉದುರುತ್ತೆ!" ಎಂದು ಬಂದವರೆದುರೆಲ್ಲ ಆಡುತ್ತಿದ್ದಳು.

"ಮೀನು ತಿಂದವರ ಕೈಗೇ ಅತ್ತೆ, ಹೆಚ್ಚು ವಾಸನೆ" ಎಂದು ಒಸಾನ್ ನಗುತ್ತಲೇ ತಟ್ಟೆ ಮುಂದೆ ಸರಿಸುತ್ತಿದ್ದಳು. ಅತ್ತೆಗೆ ಆ ನಗು ಬೈಗುಳಕ್ಕಿಂತ ಜಾಸ್ತಿ ಉರಿಸುತ್ತಿತ್ತು.

ಆಮೇಲೆ ಬೆಟ್ಟದಾಚೆಯ ಡ್ಯೂಕ್ ಆಂಸೆಲನ ಜೊತೆ ಗಡಿಯ ಜಗಳ ಹತ್ತಿಕೊಂಡಿತು. ಹಳೆಯ ಕೌಂಟ್ ರೆನೊ ಕುದುರೆ ಏರಿ ಹೋದವನು ಹುಲ್ಲಿನ ಗಾಡಿಯಲ್ಲಿ ಹೆಣವಾಗಿ ವಾಪಸು ಬಂದ... ಎರ್ಸೆಂದ್ ಅಂದು ಅಳಲಿಲ್ಲ. ಗಂಡನ ಕೂದಲಿಗೆ ಸಿಕ್ಕಿಕೊಂಡಿದ್ದ ಒಂದೊಂದೇ ಹುಲ್ಲುಕಡ್ಡಿಯನ್ನು ಆರಿಸಿ ತೆಗೆದಳು, ಅಷ್ಟೆ. ಅಂದಿನಿಂದ ಅವಳ ತಲೆಯಲ್ಲಿ ಒಂದೇ ಯೋಚನೆ: ಡ್ಯೂಕ್ ನೆಂಟನಾಗಬೇಕು. ನೆಂಟನಾದರೆ ಮಗನ ಮೇಲೆ ಕತ್ತಿ ಎತ್ತುವುದಿಲ್ಲ. ಡ್ಯೂಕನಿಗೆ ಮದುವೆಯಾಗದ ತಂಗಿಯೊಬ್ಬಳಿದ್ದಳು, ಇದೋನ್ ಅಂತ. ಅಡ್ಡವಾಗಿದ್ದವಳು ಒಸಾನ್ ಒಬ್ಬಳೇ.

ಇಷ್ಟರಲ್ಲಿ ಒಸಾನ್ ಹೆತ್ತಳು. ಕೊರೆಯುವ ಚಳಿಗಾಲದ ಒಂದು ಬೆಳಿಗ್ಗೆ. ಬಹಳ ಕಷ್ಟದ ಹೆರಿಗೆ. ಮಗು ನೀಲಿಗಟ್ಟಿ ಹುಟ್ಟಿತು, ಅಳಲಿಲ್ಲ. ತಾಯಿಗೆ ಎಚ್ಚರ ತಪ್ಪಿದಂತಿತ್ತು. ಸೂಲಗಿತ್ತಿ ಗಿಯೆಮೆತ್ ಬಿಸಿನೀರಿಗೆಂದು ಕೆಳಗೆ ಓಡಿದಳು. ಕೋಣೆಯಲ್ಲಿ ಉಳಿದದ್ದು ಬಾಣಂತಿ, ಮಗು, ಎರ್ಸೆಂದ್. ಗಿಯೆಮೆತ್ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಗು ಕೋಟೆ ಹಾರಿಹೋಗುವ ಹಾಗೆ ಅರಚುತ್ತಿತ್ತು! ಎರ್ಸೆಂದ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು.

"ಏನ್ ಮಾಡಿದ್ರಿ ಅಮ್ಮಾವ್ರೇ?"

"ನಾನೇನ್ ಮಾಡ್ಲಿ? ಹೂಜಿ ಉರುಳ್ತು. ಹೋಗು, ನಿನ್ನ ಕೆಲಸ ನೋಡು."

ಅಷ್ಟು ಬಡಕಲು ಮಗುವಿಗೆ ತಕ್ಷಣ ಜ್ಞಾನಸ್ನಾನ ಮಾಡಿಸಿ ಎಂದು ಪಾದ್ರಿ ಗೋಗರೆದರು. ಏನಾದರೂ ಹೆಚ್ಚುಕಡಿಮೆಯಾದರೆ ಮಗು ಸ್ವರ್ಗದ ಬಾಗಿಲ ಹೊರಗೇ ಉಳಿದುಬಿಡುತ್ತದಲ್ಲ! ಎರ್ಸೆಂದ್ ಜಪ್ಪಯ್ಯ ಅನ್ನಲಿಲ್ಲ. "ಈಸ್ಟರಿಗೇ ಆಗಲಿ. ಏನೂ ಆಗಲ್ಲ ಅವನಿಗೆ" ಎಂದಳು. ಡ್ಯೂಕನ ಹೆಸರನ್ನೇ ಮಗುವಿಗೆ ಇಡಬೇಕು, ಆಂಸೆಲ್ ಅಂತ, ಎಂದೂ ಅಪ್ಪಣೆ ಮಾಡಿದಳು. ಊರೆಲ್ಲ ಅಂದಿನಿಂದಲೇ ಆಂಸೆಲ್ ಎನ್ನತೊಡಗಿತು. ವಿಚಿತ್ರವೆಂದರೆ ಹೆತ್ತ ತಾಯಿ ಮಾತ್ರ ಎಂದೂ ಆ ಹೆಸರು ಹಿಡಿದು ಕರೆಯಲಿಲ್ಲ. "ನನ್ನ ಗುಬ್ಬೀ" ಅನ್ನುತ್ತಿದ್ದಳು. ಜ್ಞಾನಸ್ನಾನ ತಡವಾಗುತ್ತಿದೆಯೆಂದು ಅವಳೂ ಈಸ್ಟರಿನವರೆಗೆ ಒಂದು ದಿನವೂ ಗಾಬರಿಪಡಲಿಲ್ಲ.

ಸರಿ, ತೊಟ್ಟಿಯ ಹತ್ತಿರ ಆದದ್ದನ್ನು ಹೇಳಿದೆನಲ್ಲ. ಬಿಷಪ್ಪರಿಗೆ ಸುದ್ದಿ ಮುಟ್ಟಿತು. ಅವರಿಗೆ ತಮ್ಮ ಇಗರ್ಜಿಯ ಮಾಡಿಗೆ ಡ್ಯೂಕನ ಕಾಡಿನ ಓಕ್ ತೊಲೆಗಳು ಬೇಕಾಗಿದ್ದವು, ಹಾಗಾಗಿ ಸುದ್ದಿ ಬಹಳ ಬೇಗ ಮುಟ್ಟಿತು ಅನ್ನಿ. ವಿಚಾರಣೆ ಆಗುವ ತನಕ ಗಂಡ ಹೆಂಡಿರು ಬೇರೆ ಬೇರೆ ಇರಬೇಕು ಎಂದು ಹೇಳಿಕಳಿಸಿದರು. ಒಸಾನ್ ಹೆಂಗಸರ ಗೋಪುರ ಸೇರಿದಳು. ಕಾವಲಿನವರಿಗೆ ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ ನಾಲಗೆ ತೊಡರುತ್ತಿತ್ತು. ರೊಟ್ಟಿ ಸುಡುವವನ ಹೆಂಡತಿಯಂತೂ ಬಾಗಿಲಲ್ಲೇ ನಿಂತು, "ನಮ್ಮನೆಯವನ್ನೂ ಹಿಂಗೇ ಅಣ್ಣ ಮಾಡ್ಕೋಬಹುದಾಗಿತ್ತು, ನನಗ್ಯಾಕೆ ಹೊಳೀಲಿಲ್ಲ!" ಎಂದು ನಗಾಡಿದಳು.

ಗೊಬೇರ್ ಗೋಪುರದ ಕಿಟಕಿಯ ಕೆಳಗೆ ಬಂದು ನಿಂತ. ಆನೆಯಂಥ ಆಳು, ಗೂಳಿಯ ಕೊಂಬು ಹಿಡಿದು ಕೂರಿಸುವವನು, ಮಗುವಿನ ಹಾಗೆ ಅಳುತ್ತಿದ್ದ.

"ಒಸಾನ್... ಆ ಕಟ್ಟಳೆ ನಿನಗೆ ಗೊತ್ತಿರಲಿಲ್ವೇನೇ?"

"ಗೊತ್ತಿತ್ತು ದೊರೆ."

"ಗೊತ್ತಿದ್ದೂ ಎತ್ಕೊಂಡ್ಯಾ?! ನನ್ನ ಸಹವಾಸ ಅಷ್ಟು ಬೇಜಾರಾಯ್ತಾ ನಿನಗೆ?"

"ಮಗು ನಡುಗ್ತಿತ್ತು, ಎತ್ಕೊಂಡೆ. ಅಳಬೇಡಿ ದೊರೆ, ಮೀಸೆ ಹೆಪ್ಪುಗಟ್ಟುತ್ತೆ. ನಾನು ಈ ಮನೆ ಬಿಟ್ಟು ಹೋಗಲ್ಲ. ಹೋಗಲ್ಲ ಅಂದ್ರೆ ಹೋಗಲ್ಲ."

"ಹೆಂಗೆ ಹೇಳ್ತೀಯ? ಬಿಷಪ್ಪರು..."

"ಬಿಷಪ್ಪರನ್ನ ನಾನು ನಂಬಿಲ್ಲ. ನಾನು ನಂಬಿರೋದು ಬೇರೆಯವರನ್ನ."

ಯಾರನ್ನು ಎಂದು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಗೊಬೇರ್ ಕಣ್ಣೊರೆಸಿಕೊಂಡು ನೇರವಾಗಿ ತಾಯಿಯ ಬಳಿ ನುಗ್ಗಿದ.

"ಅವ್ವಾ! ಇದು ನಿನ್ನ ಕೆಲಸ. ಬೆರ್ತತ್ತೆಗೆ ಆ ಕಡುಬು ಮಾಡಿಸಿದ್ದು ನೀನು!"

"ಹೌದು ಕಣೋ, ನಾನೇ!" ಎರ್ಸೆಂದ್ ಸೆಟೆದು ನಿಂತಳು. "ಅಲ್ಲ ಅಂತ ಯಾರು ಹೇಳಿದ್ರು? ಇನ್ನೊಂದು ಸಲ ಬೇಕಾದ್ರೂ ಮಾಡಿಸ್ತೀನಿ!"

"ನಿನಗೆ ಕರುಳೇ ಇಲ್ವಾ? ಆ ಹುಡುಗಿ ನಿನಗೇನು ಮಾಡಿದಳು?"

"ಏನೂ ಮಾಡಿಲ್ಲ. ಅದೇ ತಪ್ಪು! ಅವಳ ಅಪ್ಪನ ಹತ್ರ ಇರೋದು ದೋಣಿ. ಡ್ಯೂಕನ ಹತ್ರ ಇರೋದು ದಂಡು. ನಾಳೆ ಅವನು ಬೆಟ್ಟ ಇಳಿದು ಬಂದ್ರೆ ಹುಟ್ಟು ತಗೊಂಡು ಹೊಡೀತೀಯಾ? ನಿಮ್ಮಪ್ಪ ಯಾವ ಗಾಡೀಲಿ ಬಂದ, ನೆನಪಿದೆಯಾ ನಿನಗೆ? ಆ ಕೂದಲಲ್ಲಿ ಎಷ್ಟು ಹುಲ್ಲಿತ್ತು ಗೊತ್ತಾ? ಇನ್ನೊಂದು ಸಲ ನಾನು ಹುಲ್ಲು ಆರಿಸಲ್ಲ ಗೊಬೇರಾ... ಆರಿಸಲ್ಲ! ನೀನು ನನ್ನ ಶಪಿಸು, ಉಗಿ, ಪರವಾಗಿಲ್ಲ. ಜೀವಂತ ಇದ್ದು ಶಪಿಸು!"

ಅಂಥ ತಾಯಿಯನ್ನು ದ್ವೇಷಿಸುವುದು ಹೇಗೆ? ಅಂಥ ಹೆಂಡತಿಯನ್ನು ಬಿಡುವುದು ಹೇಗೆ? "ಕೌಂಟ್ ಪಟ್ಟ ನೀನೇ ಇಟ್ಕೋ ಅವ್ವಾ. ನಾನು ಮಾವನ ದೋಣೀಲಿ ಹುಟ್ಟು ಹಾಕ್ಕೊಂಡು ಬದುಕ್ತೀನಿ" ಎಂದು ಮಗ ಬಾಗಿಲು ಬಡಿದು ಹೊರಬಿದ್ದ.

ವಿಚಾರಣೆಯ ದಿನ ಬಂತು. ವಾಲ್ಮೊರೆಯ ಇಗರ್ಜಿಯಲ್ಲೇ, ಅದೇ ತೊಟ್ಟಿಯ ಪಕ್ಕದಲ್ಲಿ, ಬಿಷಪ್ಪರು ಎತ್ತರದ ಕುರ್ಚಿಯಲ್ಲಿ ಕೂತರು. ಒಂದು ಕಡೆ ಡ್ಯೂಕ್ ಆಂಸೆಲ್, ಕರಡಿಯ ತೊಗಲು ಹೊದ್ದು ಬಂದಿದ್ದ. ಯಾವುದು ತೊಗಲು, ಯಾವುದು ಗಡ್ಡ ಎಂದು ಬಿಡಿಸಿ ಹೇಳುವುದು ಕಷ್ಟವಿತ್ತು. ಅವನ ಪಕ್ಕದಲ್ಲಿ ತಂಗಿ ಇದೋನ್, ಆಕಳಿಕೆ ತಡೆಯುತ್ತಾ. ಇನ್ನೊಂದು ಕಡೆ ಗೊಬೇರ್, ನಿದ್ದೆಗೆಟ್ಟ ಕಣ್ಣಲ್ಲಿ. ಮಗುವನ್ನು ಎತ್ತಿಕೊಂಡು ಒಸಾನ್ ಬಂದಳು. ಬೆನ್ನು ನೆಟ್ಟಗಿತ್ತು.

"ತೊಟ್ಟಿಯಿಂದ ಮಗುವನ್ನ ಎತ್ತಿಕೊಂಡೆಯೇನಮ್ಮಾ?"

"ಎತ್ಕೊಂಡೆ ಸ್ವಾಮಿ."

"ಬೇಕಂತಲೋ, ತಿಳೀದೆಯೋ?"

"ಕೈಯಾರೆ ಎತ್ಕೊಂಡೆ."

"ಸ್ವಾಮೀ, ಬೇರೆ ಯಾರೂ ಇರ್ಲಿಲ್ಲ! ಮಗು ಸಾಯೋ ಹಾಗಿತ್ತು!" ಗೊಬೇರ್ ಕೂಗಿದ.

"ಕಟ್ಟಳೆ ಕಟ್ಟಳೆಯೇ, ಕೌಂಟ್" ಎಂದರು ಬಿಷಪ್ಪರು. ಅವರ ಕಣ್ಣು ಡ್ಯೂಕನ ಕಡೆ ಹೋಗಿ ಬಂತು. "ಕಂಡ ಸಾಕ್ಷಿಯೊಬ್ಬರು ಹಲ್ಲಿನ ಮೇಲೆ ಆಣೆ ಇಡಲಿ. ಈ ಮಗುವಿಗೆ ಈಸ್ಟರಿನ ಮುನ್ನಾದಿನ ಇದೇ ತೊಟ್ಟಿಯಲ್ಲಿ ಜ್ಞಾನಸ್ನಾನವಾಯ್ತು, ಹೆತ್ತವಳೇ ಎತ್ತಿಕೊಂಡಳು, ಅಂತ. ಅಲ್ಲಿಗೆ ಈ ಮದುವೆ ಮುಗೀತು. ಮಗು ತಂದೆಯ ಮನೆಯದು, ಹೆಂಗಸು ತವರಿಗೆ ಹೋಗಬಹುದು. ಯಾರು ಆಣೆ ಇಡ್ತೀರಿ?"

"ನಾನು" ಎಂದು ಎರ್ಸೆಂದ್ ಎದ್ದಳು.

ಬೆಳ್ಳಿಯ ಡಬ್ಬಿ ತೆರೆಯಿತು. ಜನ ತುದಿಗಾಲಲ್ಲಿ ನಿಂತರು. ಎರ್ಸೆಂದ್ ಕೈ ಮುಂದೆ ಮಾಡುವಷ್ಟರಲ್ಲಿ ಒಸಾನ್, "ಒಂದು ಗಳಿಗೆ ಸ್ವಾಮಿ, ಮಗು ಇನ್ನು ಅತ್ತೇದೇ ಅಲ್ವಾ, ಒಪ್ಪಿಸಿಬಿಡ್ತೀನಿ" ಎಂದು ಮುಂದೆ ಬಂದಳು. ಮದುವೆಯ ಉಂಗುರ ಕಳಚಿ ಮಗುವಿನ ಹೊದಿಕೆಯೊಳಗೆ ಇಟ್ಟು, ಮಗುವನ್ನು ಅತ್ತೆಯ ತೋಳಿಗೆ ಕೊಟ್ಟಳು. ಬಾಗಿ ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು:

"ಇವನು ಹಟ ಹಿಡಿದು ಅತ್ರೆ ಎದೆಗೆ ಒತ್ಕೊಂಡು, ಅವತ್ತು ಹೇಳಿದ್ರಲ್ಲ, 'ಉಸಿರಾಡೋ ನನ್ನಪ್ಪಾ, ಉಸಿರಾಡೋ' ಅಂತ, ಹಾಗೇ ಹೇಳಿ ಅತ್ತೆ. ಸುಮ್ಮನಾಗ್ತಾನೆ. ನಾನೂ ಹಾಗೇ ಹೇಳ್ತಿದ್ದೆ."

ಎರ್ಸೆಂದಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಚಾಚಿದ್ದ ಕೈ ಗಾಳಿಯಲ್ಲೇ ನಿಂತಿತು. ಅವಳೂ ಪಿಸುಗುಟ್ಟಿದಳು:

"ನಿನಗೆ... ನಿನಗೆ ಕೇಳಿಸಿತ್ತಾ?"

"ಕಣ್ಣು ತೆರೆಯೋಕೆ ಆಗ್ತಿರಲಿಲ್ಲ ಅತ್ತೆ. ಕಿವಿಗೇನಾಗಿತ್ತು? ಎಲ್ಲಾ ಕೇಳಿಸ್ತು. ನೀರು ಸುರಿದಿದ್ದು, ಹೆಸರಿಟ್ಟಿದ್ದು, ನೀವು ಬಿಕ್ಕಿ ಬಿಕ್ಕಿ ಅತ್ತಿದ್ದು..."

"ತೊಟ್ಟಿ ಹತ್ರ ಎತ್ಕೋ ಅಂದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು. ಜ್ಞಾನಸ್ನಾನ ಜೀವಮಾನಕ್ಕೆ ಒಂದೇ ಸಲ. ಎರಡನೇ ಸಲದ ನೀರು ಬರೀ ನೀರು ತಾನೇ."

"ಮತ್ಯಾಕೇ ಬಾಯಿ ಮುಚ್ಕೊಂಡಿದ್ದೆ, ಹುಚ್ಚೀ! ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ!"

ಒಸಾನಳ ಕಣ್ಣಲ್ಲಿ ಮೊದಲ ಬಾರಿಗೆ ನೀರು ತುಂಬಿತು.

"ನಾನು ಹೇಳಿದ್ರೆ ಗಂಡನ್ನ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತಾಳೆ ಅಂತಿದ್ರು. ನಂಬಿದ್ರೆ ನಿಮ್ಮನ್ನ ಪಾಪಿ ಅಂತಿದ್ರು. ನೀವೇ ಹೇಳಿದ್ರೆ... ಅಜ್ಜಿ ಅಂತಾರೆ ಅತ್ತೆ."

ಮಗು ಆ ಹೊತ್ತಿಗೆ ಸರಿಯಾಗಿ ಕೈ ಎತ್ತಿ ಅಜ್ಜಿಯ ಗದ್ದ ಹಿಡಿದುಕೊಂಡಿತು. ಹಿಡಿಯುವುದೆಂದರೆ ಹಿಡಿತ! ಕಮ್ಮಾರನ ಇಕ್ಕಳವೂ ಹಾಗೆ ಹಿಡಿಯುವುದಿಲ್ಲ.

"ಅಮ್ಮಾ, ಆಣೆ?" ಬಿಷಪ್ಪರು ಕೆಮ್ಮಿದರು. "ಬಿಸಿಲೇರ್ತಾ ಇದೆ."

ಎರ್ಸೆಂದ್ ಕೈಯನ್ನು ಹಲ್ಲಿನ ಮೇಲೆ ಇಟ್ಟೇಬಿಟ್ಟಳು. ಗೊಬೇರ್ ಕಣ್ಣು ಮುಚ್ಚಿಕೊಂಡ...

"ಸಂತ ವೊಬೇರನ ಆಣೆಗೂ ಹೇಳ್ತೀನಿ ಸ್ವಾಮಿ! ಈ ಮಗುವಿಗೆ ಈಸ್ಟರಿನಲ್ಲಿ ಜ್ಞಾನಸ್ನಾನ ಆಗಲೇ ಇಲ್ಲ!"

ಇಗರ್ಜಿ ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಬಿಷಪ್ಪರ ಟೋಪಿ ಓರೆಯಾಯಿತು. "ಏನಮ್ಮಾ ಹೇಳ್ತಿದೀಯ? ಊರೆಲ್ಲ ನೋಡಿದೆ!"

"ಊರು ನೋಡಿದ್ದು ಒದ್ದೆ ಮಗೂನ. ಇವನು ಹುಟ್ಟಿದ ಗಳಿಗೇಲಿ ಉಸಿರಿರಲಿಲ್ಲ. ಸತ್ತೇಹೋದ ಅಂದ್ಕೊಂಡೆ. ಪಾದ್ರಿ ಬರೋ ಹೊತ್ತಿರಲಿಲ್ಲ, ಸಾಯೋ ಮಗೂಗೆ ಯಾರು ಬೇಕಾದ್ರೂ ಜ್ಞಾನಸ್ನಾನ ಮಾಡಿಸಬಹುದಲ್ಲ. ಹೂಜಿಯ ನೀರು ತಲೆ ಮೇಲೆ ಸುರಿದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ನಾನೇ... ಈ ಕೈಯಾರೆ ನಾನೇ ಜ್ಞಾನಸ್ನಾನ ಮಾಡಿಸಿದೆ ಸ್ವಾಮೀ!" ಎರ್ಸೆಂದ್ ಮೊಣಕಾಲೂರಿ ಕುಸಿದಳು. ಇಷ್ಟು ದಿನ ಕಟ್ಟಿಟ್ಟಿದ್ದ ಅಳುವೆಲ್ಲ ಒಡ್ಡು ಒಡೆದಂತೆ ಹೊರಬಂತು. "ಆಮೇಲೆ ಮುಚ್ಚಿಟ್ಟೆ. ಅಂಬಿಗರ ಹುಡುಗಿಯ ಮಗೂಗೋಸ್ಕರ ನಾನು ಹಾಗೆ ಅತ್ತೆ ಅಂತ ಯಾರಿಗೂ ಗೊತ್ತಾಗೋದು ಬೇಡವಾಗಿತ್ತು... ಆಮೇಲೆ ಈ ಕೆಟ್ಟ ಯೋಚನೆ ಬಂತು. ಎರಡನೇ ಸಲ ಮಾಡಿಸೋದು ಮಹಾಪಾಪ ಅಂತ ಗೊತ್ತಿದ್ದೂ ಮಾಡಿಸಿದೆ. ನನ್ನನ್ನ ಏನು ಬೇಕಾದ್ರೂ ಮಾಡಿ. ಈ ಹುಡುಗಿ ಎತ್ಕೊಂಡಿದ್ದು ಜ್ಞಾನಸ್ನಾನದ ಮಗೂನಲ್ಲ, ತಣ್ಣೀರಲ್ಲಿ ನಡುಗ್ತಿದ್ದ ತನ್ನ ಮಗೂನ. ಇವಳು ನನ್ನ ಮಗನ ಹೆಂಡ್ತಿ. ತಂಗಿಯಲ್ಲ!"

ಎಲ್ಲರೂ ನೋಡುತ್ತಿದ್ದದ್ದು ಅವಳ ಬೆರಳುಗಳನ್ನು. ಹಲ್ಲು ಕಚ್ಚಿರಲಿಲ್ಲ!

ಬಿಷಪ್ಪರ ತೊಲೆಗಳು ಹೊಳೆಯ ಪಾಲಾದವು. ಆದರೂ ಅವರು ಬಿಷಪ್ಪರೇ ತಾನೇ, ಹಲ್ಲಿನ ಎದುರು ಅಡ್ಡಮಾತು ಆಡುವಂತಿರಲಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದರು: "ಮಗುವಿಗೆ ಅವತ್ತು ಯಾವ ಹೆಸರಿಟ್ಟೆ?"

ಎರ್ಸೆಂದ್ ಮಗನ ಕಡೆ ತಿರುಗಿದಳು.

"ರೆನೊ" ಎಂದಳು. "ನಿಮ್ಮಪ್ಪನ ಹೆಸರು."

ಗೊಬೇರ್ ಬಂದು ತಾಯಿಯನ್ನೂ ಹೆಂಡತಿಯನ್ನೂ ಮಗುವನ್ನೂ ಒಟ್ಟಿಗೆ ತಬ್ಬಿಕೊಂಡ ರಭಸಕ್ಕೆ ಮೇಣದಬತ್ತಿಯ ಕಂಬವೊಂದು ಉರುಳಿ ಪಾದ್ರಿಯ ಅಂಗಿಗೆ ಕಿಡಿ ತಗುಲಿತು. ಅದನ್ನು ಅದೇ ತೊಟ್ಟಿಯ ನೀರಿನಿಂದಲೇ ಆರಿಸಿದರು. "ನನ್ನ ಗುಬ್ಬೀ ಅಂತ ಯಾಕೆ ಕರೀತಿದ್ದೆ ಅಂತ ಈಗ ಗೊತ್ತಾಯ್ತಾ ದೊರೆ?" ಎಂದು ಒಸಾನ್ ಅಳುತ್ತಾ ನಕ್ಕಳು. "ಸುಳ್ಳು ಹೆಸರು ಬಾಯಿಗೆ ಬರ್ತಿರಲಿಲ್ಲ."

ಆಗ ಕರಡಿ ಎದ್ದು ನಿಂತಿತು. "ನನ್ನ ತಂಗೀನ ಏನಂದ್ಕೊಂಡಿದೀರಿ ನೀವು? ಇಷ್ಟು ದೂರ ಕರೆಸಿ ನಾಟಕ ತೋರಿಸ್ತೀರಾ? ಗೊಬೇರ್, ಬೆಟ್ಟ ಹತ್ತೋ ದಾರಿ ನನಗೆ ಗೊತ್ತು, ಇಳಿಯೋ ದಾರೀನೂ ಗೊತ್ತು!"

"ಅಣ್ಣಾ, ಕೂಗಾಡಬೇಡ" ಎಂದಳು ಇದೋನ್. "ಊರ ತುಂಬ ಹಾವುಮೀನಿನ ವಾಸನೆ. ನನಗಂತೂ ಜೀವ ಉಳೀತು."

ಎರ್ಸೆಂದಳ ಮುಖ ಮತ್ತೆ ಬಿಳುಚಿತು. ಹುಲ್ಲಿನ ಗಾಡಿ ಕಣ್ಣ ಮುಂದೆ ಬಂತು. ಅವಳ ಕೈ ಹಿಡಿದು ಎಬ್ಬಿಸಿ ಒಸಾನ್ ಡ್ಯೂಕನ ಎದುರು ಹೋಗಿ ನಿಂತಳು.

"ಡ್ಯೂಕರೇ, ನಿಮಗೆ ನಮ್ಮ ನೆಂಟಸ್ತಿಕೆ ಬೇಕು, ನಮಗೆ ನಿಮ್ಮದು. ಅದಕ್ಕೆ ಮದುವೆಯೇ ಆಗಬೇಕಾ? ನನ್ನ ಮಗನಿಗೆ ಜ್ಞಾನಸ್ನಾನ ಆಗಿದೆ. ಬಿಷಪ್ಪರು ಹಣೆಗೆ ಎಣ್ಣೆ ಹಚ್ಚೋ ದೃಢೀಕರಣ ಇನ್ನೂ ಬಾಕಿ. ಆಗಲೂ ಮಗೂನ ಒಬ್ಬರು ಎತ್ಕೋಬೇಕು. ಬಿಷಪ್ಪರು ಇಲ್ಲೇ ಇದಾರೆ, ಎಣ್ಣೆ ಇದೆ, ನೀವೂ ಇದೀರಿ. ನೀವು ಎತ್ಕೊಂಡ್ರೆ ಇವನಿಗೆ ಜ್ಞಾನತಂದೆ, ನನ್ನ ಗಂಡನಿಗೆ ಅಣ್ಣ. ಹೆಂಡ್ತಿ ತಂದ ನೆಂಟಸ್ತಿಕೆ ಹೆಂಡ್ತಿ ಸತ್ರೆ ಹೋಗುತ್ತೆ. ಈ ನೆಂಟಸ್ತಿಕೆ ಬಿಷಪ್ಪರು ಬಂದ್ರೂ ಬಿಡಿಸೋಕಾಗಲ್ಲ. ಅದು ಎಷ್ಟು ಗಟ್ಟಿ ಅಂತ ಇಷ್ಟು ಹೊತ್ತೂ ನೋಡಿದ್ರಲ್ಲ!"

ಡ್ಯೂಕ್ ಗಡ್ಡ ಕೆರೆದುಕೊಂಡ. ಅವನಿಗೆ ಮಕ್ಕಳಿರಲಿಲ್ಲ. "ಕೊಡಿಲ್ಲಿ" ಎಂದು ಮಗುವನ್ನು ತೆಗೆದುಕೊಂಡ. ಮಗು ಕರಡಿಯ ತೊಗಲಿನಲ್ಲಿ ಮುಖ ಹುದುಗಿಸಿ ಸೀನಿತು. ಅಷ್ಟಕ್ಕೇ ಆ ಗಂಡಾಳು ಹಲ್ಲು ಕಿರಿದು ನಕ್ಕುಬಿಟ್ಟ! ಬಿಷಪ್ಪರು ಎಣ್ಣೆ ಹಚ್ಚಿದರು. ರೆನೊ ಎಂಬ ಹೆಸರಿನ ಹಿಂದೆ ಆಂಸೆಲ್ ಎಂಬುದೂ ಸೇರಿತು. ಡ್ಯೂಕ್ ಆಮೇಲೆ ಬೆಟ್ಟ ಇಳಿದದ್ದು ಎಷ್ಟೋ ಸಲ; ಪ್ರತಿ ಸಲವೂ ಮರದ ಕುದುರೆ, ಜೇನು, ಸಣ್ಣ ಬಿಲ್ಲು ಇಂಥದ್ದೇ ಹೊತ್ತುಕೊಂಡು. ಮನಸ್ಸು ಕರಗಿ ಬಿಷಪ್ಪರಿಗೂ ತೊಲೆ ಕಳಿಸಿಕೊಟ್ಟ. ಗೊಬೇರ್ ಕತ್ತಿಗೆ ತುಕ್ಕು ಹಿಡಿಸಿಕೊಂಡು ಮುದುಕನಾಗಿ ಹಾಸಿಗೆಯಲ್ಲೇ ಸತ್ತ. ನಮ್ಮ ಕೌಂಟರಲ್ಲಿ ಹಾಗೆ ಸತ್ತವನು ಅವನೊಬ್ಬನೇ.

ಎರ್ಸೆಂದಳ ಪಾಪಕ್ಕೆ ಬಿಷಪ್ಪರು ಶಿಕ್ಷೆ ಕೊಡದೆ ಇರಲಿಲ್ಲ. ಕೂದಲಿಗೆ ಬೂದಿ ಹಾಕಿಕೊಂಡು, ಬರಿಗಾಲಲ್ಲಿ, ಸಂತ ವೊಬೇರನ ಸಮಾಧಿಯ ತನಕ ನಡೆಯಬೇಕು. ಕೌಂಟನ ತಾಯಿ, ನಡುಬೀದಿಯಲ್ಲಿ! ಹೊರಡುವ ಬೆಳಿಗ್ಗೆ ಜನ ನೋಡಲು ಸೇರಿದರು. ಕೋಟೆಯ ಬಾಗಿಲು ತೆರೆದಾಗ ಬಂದವರು ಇಬ್ಬರು. ಸೊಸೆಯೂ ಬರಿಗಾಲಲ್ಲಿ, ಸೊಂಟದಲ್ಲಿ ಮಗು.

"ನೀನ್ಯಾಕೇ? ಪಾಪ ಮಾಡಿದ್ದು ನಾನು" ಎಂದು ಎರ್ಸೆಂದ್ ಗದರಿದಳು.

"ಅಂಬಿಗರ ಹುಡುಗಿ ಅಲ್ವಾ ಅತ್ತೆ, ಬರಿಗಾಲು ನಮಗೆ ರೂಢಿ. ಕಲ್ಲು ಎಲ್ಲಿದೆ ಅಂತ ಹೇಳ್ತಾ ಬರ್ತೀನಿ."

ಎರ್ಸೆಂದ್ ಕೈ ಚಾಚಿದಳು. "ಮಗೂನ ಇಲ್ಲಿ ಕೊಡು. ಹಿಡ್ಕೊಳ್ಳೋಕೆ ಬರಲ್ಲ ನಿನಗೆ, ನೋಡು ಹೆಂಗೆ ಜೋತಾಡ್ತಿದೆ!" ಎಂದಳು. ಒಸಾನ್ ಕೊಟ್ಟಳು. ಹಾಗೆ ಬೈದುಕೊಳ್ಳುತ್ತಲೇ ಇಬ್ಬರೂ ಊರು ದಾಟಿದರು. ಅವರ ಹೆಜ್ಜೆ ಬಿದ್ದಲ್ಲೆಲ್ಲ ಆ ವಸಂತದಲ್ಲಿ ಹಳದಿ ಹೂ ಎದ್ದಿತು. ನಂಬದವರು ಹೋಗಿ ದಾರಿ ನೋಡಿಕೊಂಡು ಬರಲಿ.

ಅಲ್ಲಿಗೆ ಕಥೆ ಮುಗಿಯಿತು. ಏಳಬೇಡಿ, ಕೂತ್ಕೊಳ್ಳಿ. ಬರುವ ಭಾನುವಾರ ನನ್ನ ಮೊಮ್ಮಗಳಿಗೆ ಜ್ಞಾನಸ್ನಾನ. ತೊಟ್ಟಿಯಿಂದ ಎತ್ತಿಕೊಳ್ಳಲು ಒಳ್ಳೆಯ ಮನೆಯವರು, ಗಟ್ಟಿ ತೋಳಿನವರು ಒಬ್ಬರು ಬೇಕಾಗಿತ್ತು. ಇಷ್ಟು ಹೊತ್ತು ಕದಲದೆ ಕೂತು ಕೇಳಿದಿರಲ್ಲ, ನೀವೇ ಸರಿ! ಇಂಥ ನೆಂಟಸ್ತಿಕೆಯನ್ನು ಬಿಷಪ್ಪರಿಂದಲೂ ಬಿಡಿಸಲಾಗದು ಎಂದು ಈಗ ನಿಮಗೂ ಗೊತ್ತು. ಬರುವಾಗ ಮಗುವಿಗೆ ಒಂದು ಬೆಳ್ಳಿ ಚಮಚ ಇರಲಿ. ಹಾವುಮೀನಿನ ಕಡುಬನ್ನೂ ನೀವೇ ತನ್ನಿ... ಆದರೆ ಅದನ್ನು ನನ್ನ ಕೈಗೆ ಕೊಡಿ. ನೀವು ಮಾತ್ರ ತೊಟ್ಟಿಯ ಕೆಲಸ ಮುಗಿಯುವ ತನಕ ಮುಟ್ಟುವಂತಿಲ್ಲ.